ಚಕ್ರವರ್ತಿ ಪರ್ಮಿಷನ್ ಕೊಟ್ಟ ವೈನ್ ಅಂಗಳ: ವಿಯೆನ್ನಾದ ಒಂದು ಹೊಯ್ರಿಗರ್ ರಿವ್ಯೂ

ಊಟಕ್ಕೆ ಐದಕ್ಕೆ ನಾಲ್ಕು, ಸರ್ವಿಸ್‌ಗೆ ಎರಡೂವರೆ, ಜಾಗಕ್ಕೆ ಐದಕ್ಕೈದು. ಹೆಸರು ಮಾತ್ರ ಹಾಕಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈದಿದೀನಿ, ಮನೆಮಂದಿಯೇ ಸೇರ್ಕೊಂಡು ನಡೆಸೋ ಚಿಕ್ಕ ಜಾಗ, ನಾನು ನೋಡಿದ್ದು ಒಂದು ಸಂಜೆ, ಅಷ್ಟಕ್ಕೇ ಅವ್ರ ಹೆಸರು ಕೆಡಿಸೋದು ಬೇಡ ಅನ್ಸ್ತು. ಹೊಯ್ರಿಗರ್ ಅಂದ್ರೆ ದ್ರಾಕ್ಷಿ ಬೆಳೆಗಾರ್ರು ತಮ್ಮದೇ ವೈನ್‌ನ ತಮ್ಮ ಅಂಗಳದಲ್ಲೇ ಮಾರೋ ಜಾಗ, ವಿಯೆನ್ನಾ ಅಂಚಿನ ಶ್ಟಾಮರ್ಸ್‌ಡೋರ್ಫ್‌ನಲ್ಲಿ ಅಂಥ ಯಾವ ಹೊಯ್ರಿಗರ್‌ಗೆ ಹೋದ್ರೂ ಮುಕ್ಕಾಲು ಪಾಲು ಇದೇ ಅನುಭವ ಸಿಗತ್ತೆ, ಹಂಗಾಗಿ ಇದನ್ನ ಒಂದು ಅಂಗಡಿ ರಿವ್ಯೂ ಅನ್ನೋದಕ್ಕಿಂತ ಆ ಥರದ ಜಾಗಗಳ ರಿವ್ಯೂ ಅಂತಾನೇ ಓದ್ಕೊಳ್ಳಿ.

ಇಂಡಿಯಾದಿಂದ ಬರೋ ಟೂರ್ ಗುಂಪುಗಳನ್ನ ಸಾಮಾನ್ಯವಾಗಿ ಗ್ರಿನ್‌ತ್ಸಿಂಗ್ ಕಡೆ ಕರ್ಕೊಂಡು ಹೋಗ್ತಾರೆ, ಅಲ್ಲಿ ಬಸ್ಸು ನಿಂತಿರತ್ತೆ, ಅಕಾರ್ಡಿಯನ್ ಬಾರ್ಸೋನು ಟೇಬಲ್ ಹತ್ರಾನೇ ಬಂದು ನಿಂತ್ಕೊತಾನೆ, ಕಾಸು ಕೊಡೋವರೆಗೂ ಹೋಗಲ್ಲ. ನಾನು ಹೇಳೋದು ಅದಲ್ಲ. ಶಾಟನ್‌ರಿಂಗ್‌ನಲ್ಲಿ 31ನೇ ನಂಬರ್ ಟ್ರಾಮ್ ಹತ್ತಿ, ಡಾನ್ಯೂಬ್ ದಾಟಿ, ಇಲ್ಲಿಗೆ ಊರು ಮುಗೀತು ಅನ್ನೋ ಕಡೆ ಕೊನೇ ಸ್ಟಾಪಲ್ಲಿ ಇಳೀರಿ. ಅಲ್ಲಿಂದ ಕೆಲರ್‌ಗಾಸೆ ಅಂತ ಒಂದು ಏರು ದಾರಿ, ಎರಡೂ ಕಡೆ ವೈನ್ ನೆಲಮಾಳಿಗೆಗಳ ಬಾಗಿಲು, ಮೇಲೆ ಹೋದ್ರೆ ಬೀಸಂಬೆರ್ಗ್ ಗುಡ್ಡದ ದ್ರಾಕ್ಷಿ ತೋಟ. ರಾಜಧಾನಿ ಲಿಮಿಟ್ಸ್ ಒಳಗೇನೇ ಸುಮಾರು ಆರುನೂರು ಹೆಕ್ಟೇರಲ್ಲಿ ದ್ರಾಕ್ಷಿ ಬೆಳೆಯೋ ಊರು ಇದು, ಅದನ್ನ ನೋಡಿದ್ಮೇಲೇ ನಂಬಿಕೆ ಬರೋದು. ಯಾವ ಮನೆ ಬಾಗಿಲ ಮೇಲೆ ಪೈನ್ ಮರದ ಸೊಪ್ಪಿನ ಗೊಂಚಲು ಕಟ್ಟಿದಾರೋ ಆ ಮನೆ ಇವತ್ತು ಓಪನ್, ಇಲ್ಲಾಂದ್ರೆ ಇಲ್ಲ. ಗೂಗಲ್ ಓಪನ್ ಅಂತ ತೋರ್ಸಿದ್ರೂ ನಂಬ್ಬೇಡಿ, ಸೊಪ್ಪು ನೋಡಿ. ಕೆಲವು ಮನೆಗಳು ವರ್ಷದಲ್ಲಿ ಕೆಲವೇ ವಾರ ತೆಗೀತಾರೆ, ಮಿಕ್ಕಿದ್ದು ತೋಟದ ಕೆಲಸ.

ನನ್ ಜೊತೆ ಇದ್ದಿದ್ದು ನಮ್ಮ ಚಿಕ್ಕಪ್ಪ. ತಾಲೂಕು ಆಫೀಸಲ್ಲಿ ಶಿರಸ್ತೇದಾರ್ ಆಗಿ ರಿಟೈರ್ ಆದವ್ರು, ಮಗಳ ಮನೆಗೆ ಅಂತ ಮ್ಯೂನಿಕ್‌ಗೆ ಬಂದಿದ್ರು, ಅಲ್ಲಿಂದ ನನ್ ಹತ್ರ ವಿಯೆನ್ನಾಕ್ಕೆ. ಅವ್ರು ವೈನ್ ಮುಟ್ಟಲ್ಲ, ಮಾಂಸ ತಿನ್ನಲ್ಲ, ಇಂಥವ್ರನ್ನ ಹೊಯ್ರಿಗರ್‌ಗೆ ಯಾಕೆ ಕರ್ಕೊಂಡು ಹೋದೆ ಅಂತ ನಮ್ಮನೆಯವ್ರು ಇನ್ನೂ ಕೇಳ್ತಾರೆ. ಕಾರಣ ಇದೆ. ಚಿಕ್ಕಪ್ಪಂಗೆ ಊಟಕ್ಕಿಂತ ಸರ್ಕಾರಿ ಆದೇಶ ಅಂದ್ರೆ ಇಷ್ಟ, ಈ ಜಾಗ ಇವತ್ತು ನಡೀತಿರೋದ್ರ ಬೇರು ಇರೋದು ಒಂದು ಆದೇಶದಲ್ಲಿ.

1784ನೇ ಇಸವಿ ಆಗಸ್ಟ್ 17. ಆಗ ಆಸ್ಟ್ರಿಯಾ ಆಳ್ತಿದ್ದ ಎರಡನೇ ಜೋಸೆಫ್ ಚಕ್ರವರ್ತಿ ಒಂದು ಆರ್ಡರ್ ಹೊರಡಿಸ್ತಾನೆ: ಯಾರೇ ಆಗ್ಲಿ ತಾನೇ ಬೆಳೆದ ಆಹಾರ, ತಾನೇ ಮಾಡಿದ ವೈನ್, ಹಣ್ಣಿನ ಮದ್ಯ, ಇದನ್ನೆಲ್ಲ ವರ್ಷದ ಯಾವ ಕಾಲದಲ್ಲಾದ್ರೂ, ಹೆಂಗೆ ಬೇಕೋ ಹಂಗೆ, ಯಾವಾಗ ಬೇಕೋ ಆವಾಗ, ಯಾವ ರೇಟಿಗೆ ಬೇಕೋ ಆ ರೇಟಿಗೆ ಮಾರ್ಬೋದು, ಬಡಿಸ್ಬೋದು. ಅಷ್ಟೇ. ಅದಕ್ಕೂ ಮುಂಚೆ ಬೆಳೆಗಾರ್ರು ವೈನ್ ಮಾರ್ತಾನೇ ಇರ್ಲಿಲ್ಲ ಅಂತಲ್ಲ, ಆದ್ರೆ ಎಲ್ಲಿ, ಯಾವಾಗ, ಎಷ್ಟು ದಿನ ಅನ್ನೋದು ಜಮೀನ್ದಾರನ ಕೈಯಲ್ಲೋ ಊರಿನ ಕಟ್ಟಳೆಯಲ್ಲೋ ಇರೋದು, ಈಗಿನ ಇಟಲಿ-ಸ್ಲೊವೇನಿಯಾ ಗಡಿಯ ಗೋರಿತ್ಸಿಯಾ ಕಡೆ ರೈತರು ನಮ್ಮ ಧಣಿ ತನ್ನ ವೈನ್ ಬಿಟ್ಟು ಬೇರೆ ಯಾರದ್ದೂ ಮಾರೋಕೆ ಬಿಡ್ತಿಲ್ಲ ಅಂತ ದೂರು ಕೊಟ್ಟಿದ್ದೇ ಈ ಆರ್ಡರ್‌ಗೆ ಕಾರಣ ಅಂತಾರೆ. ಒಂದು ಮೂಲೆಯ ಹಳ್ಳಿಯವ್ರ ಅರ್ಜಿ, ಚಕ್ರವರ್ತಿ ಇಡೀ ದೇಶಕ್ಕೇ ಅನ್ವಯ ಮಾಡ್ಬಿಟ್ಟ. ಈಗಿನ ಕಾನೂನು ಬೇರೆ ಇದೆ, ಲೈಸೆನ್ಸು ಟ್ಯಾಕ್ಸು ಎಲ್ಲ ಇದೆ, ಆದ್ರೂ ತಾನು ಬೆಳೆದಿದ್ದನ್ನ ತನ್ನ ಅಂಗಳದಲ್ಲೇ ಮಾರೋ ಹಕ್ಕು ಅನ್ನೋದು ಅಲ್ಲಿಂದಾನೇ ಬಂದಿದ್ದು.

ಇದನ್ನ ಹೇಳಿದ ತಕ್ಷಣ ಚಿಕ್ಕಪ್ಪ ಕೇಳಿದ್ದು, "ಷರತ್ತುಗಳು ಏನಿತ್ತಮ್ಮ?" ಷರತ್ತು ಏನೂ ಅಂಥದ್ದಿಲ್ಲ ಚಿಕ್ಕಪ್ಪ, ಸ್ವಂತದ್ದು ಆಗಿರ್ಬೇಕು ಅಷ್ಟೇ ಅಂದೆ. "ಷರತ್ತಿಲ್ದೇ ಇರೋ ಆದೇಶ ನನ್ ಸರ್ವಿಸ್‌ನಲ್ಲಿ ನೋಡಿಲ್ಲ ಕಣಮ್ಮ" ಅಂದ್ಬಿಟ್ಟು ದ್ರಾಕ್ಷಿ ಜ್ಯೂಸ್ ಕುಡೀತಾ ಕೂತ್ರು.

ಊಟದ ವಿಷ್ಯಕ್ಕೆ ಬರ್ತೀನಿ. ಒಳಗೆ ಒಂದು ಗಾಜಿನ ಕೌಂಟರ್ ಇರತ್ತೆ, ನೀವೇ ಹೋಗಿ ತೋರ್ಸಿ ತಟ್ಟೆಗೆ ಹಾಕಿಸ್ಕೊಂಡು ಅಲ್ಲೇ ದುಡ್ಡು ಕೊಟ್ಟು ಬರ್ಬೇಕು, ಕುಡಿಯೋದನ್ನ ಮಾತ್ರ ಟೇಬಲ್‌ಗೆ ತಂದ್ಕೊಡ್ತಾರೆ. ಲಿಪ್ಟಾವರ್ ಅಂತ ಒಂದು ಇದೆ, ಮೊಸರಿನ ಥರದ ಹುಳಿ ಚೀಸ್‌ಗೆ ಕೆಂಪು ಪ್ಯಾಪ್ರಿಕಾ ಪುಡಿ, ಈರುಳ್ಳಿ, ಜೀರಿಗೆ ಜಾತಿಯ ಕ್ಯಾರವೇ ಕಾಳು ಹಾಕಿ ಕಲಸಿದ್ದು, ಕಪ್ಪು ಬ್ರೆಡ್ ಮೇಲೆ ಬಳ್ಕೊಂಡು ತಿನ್ನೋದು. ನಮ್ಮ ನಾಲಿಗೆಗೆ ಆ ಊರಲ್ಲಿ ಏನಾದ್ರೂ ತಕ್ಷಣ ಹಿಡ್ಸತ್ತೆ ಅಂದ್ರೆ ಇದೇ. ಕೆಲವ್ರು ಇದಕ್ಕೆ ಆಂಚೊವಿ ಮೀನು ಅರೆದು ಹಾಕ್ತಾರೆ, ಕೇಳಿ ತಗೊಳ್ಳಿ. ಆಲೂಗಡ್ಡೆ ಸಲಾಡ್ ನೋಡಕ್ಕೆ ಪಾಪದ್ದು ಅನ್ಸತ್ತೆ, ವಿಯೆನ್ನಾ ಶೈಲಿಯಲ್ಲಿ ಅದನ್ನ ದನದ ಮೂಳೆ ಸಾರಲ್ಲಿ ನೆನೆಸೋದು ರೂಢಿ, ಸಸ್ಯಾಹಾರಿಗಳು ಅಲ್ಲೇ ಸಿಕ್ಕಿಹಾಕ್ಕೊಳ್ಳೋದು. ಬ್ರೆಡ್ ಮೇಲೆ ಬಿಳಿ ಬೆಣ್ಣೆ ಥರ ಬಳಿದು ಮೇಲೆ ಈರುಳ್ಳಿ ಉದುರ್ಸಿದ್ರೆ ಅದು ಬೆಣ್ಣೆ ಅಲ್ಲ, ಹಂದಿ ಕೊಬ್ಬು. ಮಾಂಸ ತಿನ್ನೋರಿಗೆ ಸ್ವರ್ಗ, ಹುರಿದ ಹಂದಿ ಮಾಂಸ ಪಾಪಡ್ ಥರ ಕರಕರ ಅನ್ನೋ ಚರ್ಮದ ಸಮೇತ, ರಕ್ತದ ಸಾಸೇಜ್, ಶ್ನಿಟ್ಸೆಲ್. ನಾನು ಹಂದಿ ತಗೊಂಡೆ, ಚೆನ್ನಾಗಿತ್ತು, ಉಪ್ಪು ಒಂಚೂರು ಜಾಸ್ತಿ, ಆದ್ರೆ ಉಪ್ಪು ಜಾಸ್ತಿ ಆದ್ರೆ ವೈನ್ ಇನ್ನೊಂದು ಲೋಟ ಹೋಗತ್ತೆ ಅನ್ನೋ ಲೆಕ್ಕಾಚಾರ ಅವ್ರಿಗೂ ಗೊತ್ತಿರತ್ತೆ. ಟೋಪ್ಫನ್ ಶ್ಟ್ರೂಡೆಲ್ ಅಂತ ಚೀಸ್ ತುಂಬಿದ ಸಿಹಿ, ಅದು ಮಾತ್ರ ಬಿಡ್ಬೇಡಿ.

ವೈನ್ ಬಗ್ಗೆ ದೊಡ್ಡ ಪಂಡಿತೆ ಅಲ್ಲ ನಾನು. ಗೆಮಿಶ್ಟರ್ ಜಾಟ್ಸ್ ಕೇಳಿ, ಒಂದೇ ತೋಟದಲ್ಲಿ ಹಲವು ಜಾತಿ ದ್ರಾಕ್ಷಿ ಬೆರಕೆಯಾಗಿ ನೆಟ್ಟು, ಒಟ್ಟಿಗೇ ಕೊಯ್ದು, ಒಟ್ಟಿಗೇ ಹಿಂಡಿ ಮಾಡಿದ್ದು, ಒಂದು ಜಾತಿ ಕೈ ಕೊಟ್ರೆ ಇನ್ನೊಂದು ಕೈ ಹಿಡಿಯತ್ತೆ ಅನ್ನೋ ಹಳೇ ರೈತನ ಬುದ್ಧಿ. ಲೀಟರಿನ ಎಂಟನೇ ಒಂದು ಭಾಗ, ಕಾಲು ಭಾಗ, ಹಂಗೆ ಅಳತೆ. ಸೆಕೆ ಇದ್ರೆ ಸೋಡಾ ಬೆರೆಸಿದ್ದು ಕೇಳಿ.

ಈಗ ಈ ಜೋಸೆಫ್ ಯಾರು ಅಂತ ಸ್ವಲ್ಪ ಹೇಳ್ಲೇಬೇಕು, ಇಲ್ಲಾಂದ್ರೆ ಆ ಬೆಂಚಿನ ಮೇಲೆ ಕೂತ್ಕೊಳ್ಳೋದ್ರ ಮಜಾ ಅರ್ಧ. ಹುಟ್ಟಿದ್ದು 1741, ಅಪ್ಪ ತೀರ್ಕೊಂಡ್ಮೇಲೆ 1765ಕ್ಕೆ ಚಕ್ರವರ್ತಿ ಪಟ್ಟ ಬಂತು, ಆದ್ರೆ ನಿಜವಾದ ಅಧಿಕಾರ ಅಮ್ಮ ಮರಿಯಾ ತೆರೇಸಾ ಕೈಲಿ, ಆಯಮ್ಮ 1780ರಲ್ಲಿ ಸಾಯೋವರೆಗೂ ಇವ್ನು ಹದಿನೈದು ವರ್ಷ ಜೊತೆ ಆಳ್ವಿಕೆ ಅಂತ ಹೆಸರಿಗೆ ಕೂತಿದ್ದ. ಆಯಮ್ಮನೂ ಕಮ್ಮಿ ಇರ್ಲಿಲ್ಲ, 1770ರ ಹೊತ್ತಿಗೆ ಮನೆಗಳಿಗೆಲ್ಲ ನಂಬರ್ ಹಾಕ್ಸಿದ್ಲು, 1774ರಲ್ಲಿ ಎಲ್ಲಾ ಮಕ್ಕಳಿಗೂ ಶಾಲೆ ಅನ್ನೋ ಕಾನೂನು ತಂದ್ಲು, 1776ರಲ್ಲಿ ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಸೋದನ್ನ ನಿಲ್ಸಿದ್ಲು. ಆದ್ರೆ ಧರ್ಮದ ವಿಷ್ಯ ಬಂದ್ರೆ ತಾಯಿ ಒಂದು ದಾರಿ ಮಗ ಒಂದು ದಾರಿ. ಮಗ ಫಾಲ್ಕನ್‌ಸ್ಟೈನ್ ಕೌಂಟ್ ಅನ್ನೋ ಸುಳ್ಳು ಹೆಸರಲ್ಲಿ ಯುರೋಪ್ ಪೂರ್ತಿ ಸುತ್ತಿದ, 1769ರಲ್ಲಿ ಈಗಿನ ಚೆಕ್ ದೇಶದಲ್ಲಿರೋ ಮೊರಾವಿಯಾದ ಸ್ಲಾವಿಕೊವಿತ್ಸೆ ಅನ್ನೋ ಹಳ್ಳಿ ಹತ್ರ ಗಾಡಿ ನಿಂತಾಗ ಇಳಿದು ರೈತನ ನೇಗಿಲು ಹಿಡಿದು ಉತ್ತ, ಆ ಚಿತ್ರವನ್ನ ಮುಂದೆ ಎಷ್ಟು ಪ್ರಿಂಟ್ ಹಾಕಿದ್ರು ಅಂದ್ರೆ ನಮ್ಮ ಕಡೆ ಮಂತ್ರಿಗಳು ಗದ್ದೆಗಿಳಿದು ನಾಟಿ ಮಾಡೋ ಫೋಟೋ ಇದ್ದಂಗೆ. ಅಮ್ಮ ಹೋದ್ಲು, ಮಗ ಶುರು ಹಚ್ಕೊಂಡ. ಹತ್ತು ವರ್ಷದಲ್ಲಿ ಆರು ಸಾವಿರ ಆದೇಶ ಅಂತ ಸಾಮಾನ್ಯವಾಗಿ ಹೇಳೋ ಲೆಕ್ಕ. ಚಿಕ್ಕಪ್ಪ ಮನಸ್ಸಲ್ಲೇ ಭಾಗಾಕಾರ ಮಾಡಿ, "ದಿನಕ್ಕೆ ಒಂದೂವರೆ ಮೇಲಾಯ್ತಲ್ಲಮ್ಮ, ಭಾನುವಾರಾನೂ ಸೇರ್ಸಿ. ನಕಲು ತೆಗೆಯೋ ಗುಮಾಸ್ತರ ಕಥೆ ಏನು?" ಅಂದ್ರು.

ಇಲ್ಲಿ ನನ್ನ ವಾದ ಒಂದಿದೆ, ಒಪ್ಪದಿದ್ರೆ ಜಗಳ ಆಡಿ. ಪಾರ್ಲಿಮೆಂಟ್ ಇಲ್ಲ, ಕೇಳೋರಿಲ್ಲ, ಎಲ್ಲ ಒಬ್ಬನೇ ತೀರ್ಮಾನ ಮಾಡೋನು, ಪುಸ್ತಕ ಓದಿದೋನು, ಜನಕ್ಕೆ ಒಳ್ಳೇದು ಮಾಡ್ಲೇಬೇಕು ಅನ್ನೋ ಹಠ ಇರೋನು. ಅಂಥೋನು ನೀವು ನಿಮಗೆ ಬೇಕಾದಂಗೆ ಮಾಡ್ಕೊಳ್ಳಿ, ನಾನು ಅಡ್ಡ ಬರಲ್ಲ ಅಂತ ಹೇಳಿದ ಕಡೆಯೆಲ್ಲ ಅದು ಉಳ್ಕೊಂಡಿದೆ. ನಿಮಗೆ ಯಾವ್ದು ಒಳ್ಳೇದು ಅಂತ ನಾನು ಹೇಳ್ತೀನಿ ಅಂದ ಕಡೆ ಬಹುಪಾಲು ಮಣ್ಣುಪಾಲಾಗಿದೆ. ಇದಕ್ಕೆ ಸಾಕ್ಷಿ ಒಂದೇ ಊರಲ್ಲಿ ಸಿಗತ್ತೆ, ಅದೂ ಒಂದೇ ತಿಂಗಳದ್ದು, ಆ 1784ರ ಆಗಸ್ಟ್ ತಿಂಗಳದ್ದೇ.

ಅವತ್ತು ಬೆಳಿಗ್ಗೆ ಚಿಕ್ಕಪ್ಪನ್ನ 71ನೇ ನಂಬರ್ ಟ್ರಾಮಲ್ಲಿ ಸೆಂಟ್ರಲ್ ಸ್ಮಶಾನದ ಒಳಗಿರೋ ಶವಸಂಸ್ಕಾರ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ದೆ. ವಿಯೆನ್ನಾದವ್ರು ಯಾರಾದ್ರೂ ಸತ್ರೆ 71 ಹತ್ತಿದ ಅಂತಾರೆ, ಜನ ಸಾವಿನ ಬಗ್ಗೆ ಅಷ್ಟು ಆರಾಮ. ಅಲ್ಲಿ ಒಂದು ಶವಪೆಟ್ಟಿಗೆ ಇದೆ, ತಳದಲ್ಲಿ ಬಾಗಿಲು. ಜೋಸೆಫ್‌ನ ಐಡಿಯಾ ಏನಂದ್ರೆ, ಸತ್ತೋರ ಜೊತೆ ಮರ ಯಾಕೆ ಹೂಳ್ಬೇಕು ಸುಮ್ನೆ, ಹೆಣವನ್ನ ಬಟ್ಟೆ ಚೀಲದಲ್ಲಿ ಹೊಲಿದು ಪೆಟ್ಟಿಗೆಯಲ್ಲಿ ಗುಂಡಿವರೆಗೂ ತಗೊಂಡು ಹೋಗಿ, ಸನ್ನೆ ಎಳೆದ್ರೆ ತಳ ತೆರ್ಕೊಂಡು ಹೆಣ ಕೆಳಗೆ ಬೀಳತ್ತೆ, ಮೇಲೆ ಸುಣ್ಣ ಹಾಕಿ ಮಣ್ಣು ಮುಚ್ಚಿ, ಪೆಟ್ಟಿಗೆ ವಾಪಸ್ ತಂದು ಮುಂದಿನವ್ರಿಗೆ. ಲೆಕ್ಕ ಹಾಕಿದ್ರೆ ಒಂದು ತಪ್ಪಿಲ್ಲ. ಮರ ಉಳೀತು, ಬಡವ್ರಿಗೆ ಖರ್ಚು ಉಳೀತು, ದೇಹ ಬೇಗ ಮಣ್ಣಾಯ್ತು, ರೋಗ ಹರಡಲ್ಲ. ಊರೊಳಗೆ ಚರ್ಚಿನ ನೆಲಮಾಳಿಗೆಲಿ ಹೂಳೋದು ಬಂದ್, ಸ್ಮಶಾನ ಎಲ್ಲ ಊರಾಚೆ, ಅದೂ ಅದೇ ಆದೇಶಗಳ ಸಾಲಲ್ಲೇ. ಜನ ರೊಚ್ಚಿಗೆದ್ರು. ಹೆತ್ತೋರನ್ನ ಚೀಲದಲ್ಲಿ ಹಾಕಿ ಗುಂಡಿಗೆ ಉದುರ್ಸೋದಾ ಅಂತ. ಕೆಲವೇ ತಿಂಗಳಲ್ಲಿ, 1785ರ ಜನವರಿಯಲ್ಲಿ, ಚಕ್ರವರ್ತಿ ಹಿಂದೆ ಸರಿಯಬೇಕಾಯ್ತು, ಗೊಣಗ್ತಾನೇ ಸರಿದ, ಯಾರಿಗೆ ಹೆಂಗೆ ಬೇಕೋ ಹಂಗೆ ಹೂಳ್ಕೊಳ್ಳಿ ಅನ್ನೋ ಅರ್ಥದಲ್ಲಿ. ನೋಡಿ, ವೈನ್ ವಿಷ್ಯದಲ್ಲಿ ತಾನಾಗೇ ಹೇಳಿದ್ದನ್ನ ಹೆಣದ ವಿಷ್ಯದಲ್ಲಿ ಜನ ಬಾಯಿ ಬಿಡ್ಸಿದ್ರು. ಮ್ಯೂಸಿಯಂ ಚಿಕ್ಕದು, ಚೆನ್ನಾಗಿದೆ, ಅಂಗಡೀಲಿ ಶವ ಸಾಗಿಸೋ ಟ್ರಾಮಿನ ಆಟಿಕೆ ಮಾರ್ತಾರೆ, ಮೊಮ್ಮಗನಿಗೆ ಅಂತ ಚಿಕ್ಕಪ್ಪ ಅದನ್ನ ಕೈಗೆತ್ಕೊಂಡು ಆಮೇಲೆ ಏನೋ ಅನ್ಸಿ ವಾಪಸ್ ಇಟ್ರು.

ನನ್ನ ವಾದಕ್ಕೆ ಸರಿಯಾಗಿ ಅಡ್ಡ ಬರೋದು ಆಸ್ಪತ್ರೆ. ವೈನ್ ಆದೇಶಕ್ಕೆ ಒಂದೇ ದಿನ ಮುಂಚೆ, ಆಗಸ್ಟ್ 16ಕ್ಕೆ, ವಿಯೆನ್ನಾ ಜನರಲ್ ಹಾಸ್ಪಿಟಲ್ ಶುರು ಆಯ್ತು, ಬಡವ್ರನ್ನ ಇಟ್ಕೊಳ್ತಿದ್ದ ಹಳೇ ದೊಡ್ಡ ಆಶ್ರಮದ ಕಟ್ಟಡ ಒಡೆದು ಕಟ್ಟಿ ಆಸ್ಪತ್ರೆ ಮಾಡ್ಸಿದ್ದು. ಇದು ಹೆಂಗೆ ಬೇಕೋ ಹಂಗೆ ಅಲ್ಲ, ಮೇಲಿಂದ ಹೇರಿದ್ದೇ, ಆದ್ರೂ ಮುಂದೆ ಜಗತ್ತಿನ ವೈದ್ಯಕೀಯಕ್ಕೇ ದಾರಿ ತೋರ್ಸೋ ಜಾಗ ಆಯ್ತು. ಆಸ್ಪತ್ರೆ ಈಗ ಬೇರೆ ಕಟ್ಟಡಕ್ಕೆ ಹೋಗಿದೆ, ಹಳೇ ಆವರಣದಲ್ಲಿ ಯೂನಿವರ್ಸಿಟಿ, ಮಧ್ಯ ಹುಲ್ಲಿನ ಮೇಲೆ ಹುಡುಗ್ರು ಬಿಯರ್ ಕುಡೀತಾ ಕೂತಿರ್ತಾರೆ. ಅದೇ ಆವರಣದ ಹಿಂದೆ ನಾರೆನ್‌ಟುರ್ಮ್, ಹುಚ್ಚರ ಗೋಪುರ, ಅದೂ 1784ರದ್ದೇ. ಐದು ಮಹಡಿ, ದುಂಡಗೆ, ಸುತ್ತಲೂ ಸಣ್ಣ ಸೀಳು ಕಿಟಕಿಯ ಕೋಣೆ, ಒಂದೊಂದು ಮಹಡಿಗೆ ಇಪ್ಪತ್ತೆಂಟರ ಲೆಕ್ಕ. ಊರೋರು ಇದಕ್ಕೆ ಒಂದು ಕೇಕಿನ ಹೆಸರಿಟ್ಟು ಗೇಲಿ ಮಾಡ್ತಿದ್ರು. ಈಗ ಅಲ್ಲಿ ರೋಗಶಾಸ್ತ್ರದ ಸಂಗ್ರಹ, ಗಾಜಿನ ಜಾಡಿ, ಮೂಳೆ, ಮೇಣದ ಮಾದರಿ, ಹೊಟ್ಟೆ ಗಟ್ಟಿ ಇದ್ರೆ ಮಾತ್ರ ಹೋಗಿ. ಮಾನಸಿಕ ರೋಗಿಗಳಿಗೇ ಅಂತ ಬೇರೆ ಕಟ್ಟಡ ಕಟ್ಸೋದು ಆ ಕಾಲಕ್ಕೆ ದೊಡ್ಡ ಹೆಜ್ಜೆ, ಒಳಗೆ ನಿಂತು ನೋಡಿದ್ರೆ ಜೈಲು. ಎರಡೂ ನಿಜ. ಯೋಸೆಫಿನುಮ್ ಅಂತ ಜೋಸೆಫ್‌ನದ್ದೇ ಇನ್ನೊಂದು ವೈದ್ಯಕೀಯ ಶಾಲೆ ಇತ್ತು, ಈಗ ಮ್ಯೂಸಿಯಂ, ಅಲ್ಲಿ ಸೈನ್ಯದ ಡಾಕ್ಟರ್‌ಗಳಿಗೆ ಕಲಿಸೋಕೆ ಅಂತ ಫ್ಲಾರೆನ್ಸ್‌ನಿಂದ ತರಿಸಿದ ಸಾವಿರಕ್ಕೂ ಮೇಲೆ ಮೇಣದ ದೇಹದ ಮಾದರಿಗಳಿವೆ, ಅದು ಇದಕ್ಕಿಂತ ನೋಡೋ ಹಂಗಿದೆ.

ಧರ್ಮದ ಕಡೆ 1781ರ ಅಕ್ಟೋಬರ್ 13ರ ಆದೇಶ. ಲುಥರನ್, ಕ್ಯಾಲ್ವಿನಿಸ್ಟ್, ಗ್ರೀಕ್ ಆರ್ಥೊಡಾಕ್ಸ್ ಜನ ತಮ್ಮ ಪಾಡಿಗೆ ಪೂಜೆ ಮಾಡ್ಬೋದು, ಆದ್ರೆ ಪ್ರಾರ್ಥನಾ ಮಂದಿರಕ್ಕೆ ಗೋಪುರ ಇರ್ಬಾರ್ದು, ಗಂಟೆ ಬಾರಿಸ್ಬಾರ್ದು, ರಸ್ತೆ ಕಡೆ ಬಾಗಿಲಿಡ್ಬಾರ್ದು. ಷರತ್ತು ಕೇಳಿದ್ರಲ್ಲ ಚಿಕ್ಕಪ್ಪ, ತಗೊಳ್ಳಿ ಷರತ್ತು ಅಂದೆ. ಊರ ಮಧ್ಯ ಡೊರೊಥೇರ್‌ಗಾಸೆಯಲ್ಲಿ ಆಗಿನ ಎರಡು ಪ್ರಾಟೆಸ್ಟಂಟ್ ಚರ್ಚ್ ಈಗ್ಲೂ ಇವೆ, ಒಂದಂತೂ ಇವನೇ ಮುಚ್ಚಿಸಿದ ಸನ್ಯಾಸಿನಿಯರ ಮಠದ ಜಾಗದಲ್ಲಿ. 1782ರ ಜನವರಿಲಿ ಯಹೂದಿಗಳಿಗೂ ಒಂದು ಆದೇಶ, ಮೈಮೇಲಿನ ಗುರುತು ಬೇಡ, ತಲೆಗೆ ಇಷ್ಟು ಅಂತ ಹಾಕೋ ಸುಂಕ ಬೇಡ, ಶಾಲೆ, ಯೂನಿವರ್ಸಿಟಿ, ಕಸುಬು ಎಲ್ಲ ತೆರೀತು, ಆದ್ರೆ ವಿಯೆನ್ನಾದಲ್ಲಿ ಬಹಿರಂಗ ಸಿನಗಾಗ್ ಇಲ್ಲ, ಯಾರು ಬೇಕಾದ್ರೂ ಬಂದು ನೆಲೆಸೋ ಹಂಗೂ ಇಲ್ಲ. ಬಾಗಿಲು ತೆಗೆದ, ಪೂರ್ತಿ ತೆಗೀಲಿಲ್ಲ. ಮಠಗಳಂತೂ, ಶಾಲೆ ನಡೆಸಲ್ಲ ರೋಗಿ ನೋಡಲ್ಲ ಬರೀ ಧ್ಯಾನ ಅನ್ನೋ ಮಠಗಳು ದಂಡ ಅಂತ ನೂರಾರು ಮುಚ್ಚಿಸ್ದ, ಆಸ್ತಿ ಮಾರಿ ಹೊಸ ಪ್ಯಾರಿಷ್‌ಗಳಿಗೆ, ಅಂದ್ರೆ ಊರೂರಿನ ಚರ್ಚುಗಳಿಗೆ ಹಾಕ್ದ. 1782ರಲ್ಲಿ ಪೋಪ್ ಆರನೇ ಪಯಸ್ ಖುದ್ದಾಗಿ ರೋಮ್‌ನಿಂದ ವಿಯೆನ್ನಾವರೆಗೆ ಬಂದು ಕೇಳಿದ್ರೂ ಜಗ್ಗಲಿಲ್ಲ. ಸಿಡಿಲು ಬಂದಾಗ ಚರ್ಚ್ ಗಂಟೆ ಬಾರಿಸೋದನ್ನೂ ನಿಲ್ಸಿದ, ಅದು ಮೂಢನಂಬಿಕೆ ಅಂತ. ಗುಡುಗು ಬಂದ್ರೆ ಹಳ್ಳಿಯೋನು ಗಂಟೆ ಹಗ್ಗ ಹಿಡ್ಕೊಳ್ಳೋದೇ ಅವ್ನಿಗಿರೋ ಒಂದೇ ಧೈರ್ಯ, ಅದನ್ನೂ ಕಿತ್ಕೊಂಡ್ರೆ ಹೆಂಗೆ ಅಂತ ಯೋಚ್ನೆ ಬರ್ಲಿಲ್ವಾ ಅವ್ನಿಗೆ?

ಮರಣದಂಡನೆ ತೆಗೆದ, 1787ರಲ್ಲಿ, ಮಾಮೂಲಿ ವಿಚಾರಣೆಗಳಲ್ಲಿ. ಎಷ್ಟು ಚೆನ್ನಾಗಿ ಕೇಳ್ಸತ್ತೆ ಅಲ್ವಾ. ಬದ್ಲಿಗೆ ಕೈದಿಗಳನ್ನ ಹಂಗೆರಿ ಕಡೆ ಡಾನ್ಯೂಬ್‌ನಲ್ಲಿ ಪ್ರವಾಹಕ್ಕೆ ಎದುರಾಗಿ ಹಡಗು ಎಳೆಯೋಕೆ ಕಟ್ಟಿದ್ರು, ಕೆಸರಲ್ಲಿ, ಜ್ವರದಲ್ಲಿ, ಸಾಲುಸಾಲಾಗಿ ಸತ್ರು. ಕೌಂಟ್ ಪೆರ್ಗೆನ್ ಅನ್ನೋನ ಕೈಲಿ ಗುಪ್ತ ಪೊಲೀಸ್ ಬೆಳೆದಿದ್ದೂ ಇವನ ಕಾಲದಲ್ಲೇ. ಪ್ರಬುದ್ಧ ಅರಸ ಅಂತ ಪಠ್ಯಪುಸ್ತಕದಲ್ಲಿ ಬರೆದಿರ್ತಾರೆ, ಈ ಪುಟ ಬಿಟ್ಟಿರ್ತಾರೆ.

ಚಿಕ್ಕಪ್ಪ ನಿಜವಾಗ್ಲೂ ಎದ್ದು ಕೂತಿದ್ದು ಕಂದಾಯದ ವಿಷ್ಯ ಬಂದಾಗ. 1781ರ ನವೆಂಬರ್ 1ರಂದು ಬೊಹೀಮಿಯಾ ಕಡೆ ಜೀತದ ಕಟ್ಟು ಬಿಡ್ಸಿದ, ರೈತ ಧಣಿಯನ್ನ ಕೇಳ್ದೆ ಮದುವೆ ಆಗ್ಬೋದು, ಊರು ಬಿಡ್ಬೋದು, ಮಕ್ಕಳಿಗೆ ಬೇರೆ ಕಸುಬು ಕಲಿಸ್ಬೋದು. ಇದು ಉಳೀತು. ಅಲ್ಲಿಗೆ ನಿಲ್ಲಿಸದೆ 1785ರಿಂದ ಇಡೀ ಭೂಮಿ ಸರ್ವೆ ಶುರು ಮಾಡ್ಸಿದ, ಧಣಿ ಜಮೀನು ರೈತನ ಜಮೀನು ಎರಡೂ ಒಂದೇ ಕೋಲಲ್ಲಿ ಅಳತೆ, ಹಳ್ಳಿಯವ್ರನ್ನೇ ಅಳತೆಗೆ ಹಚ್ಚಿ. ಆಮೇಲೆ 1789ರ ಲೆಕ್ಕ: ನೂರು ರೂಪಾಯಿ ಹುಟ್ಟುವಳಿ ಇದ್ರೆ ಎಪ್ಪತ್ತು ರೈತನದ್ದೇ, ಸರ್ಕಾರಕ್ಕೆ ಹನ್ನೆರಡು ಚಿಲ್ಲರೆ, ಧಣಿಗೆ ಹದಿನೇಳು ಚಿಲ್ಲರೆ, ಅದೂ ದುಡ್ಡಲ್ಲಿ, ಬಿಟ್ಟಿ ದುಡಿಮೆ ಇಲ್ಲ. ಅವ್ರ ದುಡ್ಡು ಫ್ಲೋರಿನ್, ಚಿಕ್ಕಪ್ಪಂಗೆ ಅರ್ಥ ಆಗ್ಲಿ ಅಂತ ರೂಪಾಯಲ್ಲಿ ಹೇಳ್ದೆ. ಚಿಕ್ಕಪ್ಪ ಪೇಪರ್ ನ್ಯಾಪ್ಕಿನ್ ಮೇಲೆ ಬರ್ಕೊಂಡು, "ಧಣಿಗಳು ಸುಮ್ನಿದ್ರಾ?" ಅಂದ್ರು. ಇರ್ಲಿಲ್ಲ. ರೈತ್ರೂ ಕೆಲವು ಕಡೆ ಆ ಹದಿನೇಳೂ ಯಾಕೆ ಕೊಡ್ಬೇಕು ಅಂತ ತಿರುಗಿಬಿದ್ರು. ತಮ್ಮ ಲಿಯೋಪೋಲ್ಡ್ ಪಟ್ಟಕ್ಕೆ ಬಂದೋನೇ 1790ರಲ್ಲೇ ಅದನ್ನ ರದ್ದು ಮಾಡ್ದ. "ಅಳತೆ ಸರಿಯಾಗಿತ್ತು, ಅನುಷ್ಠಾನಕ್ಕೆ ಟೈಮ್ ಕೊಡ್ಲಿಲ್ಲ. ಜಮಾಬಂದಿ ಅಂದ್ರೆ ಒಂದು ವರ್ಷದ ಕೆಲ್ಸಾನಾ?" ಅಂತ ಚಿಕ್ಕಪ್ಪಂಗೆ ನಿಜವಾಗ್ಲೂ ಬೇಜಾರಾಯ್ತು, ತಮ್ಮ ಆಫೀಸಿನ ಫೈಲೇ ವಾಪಸ್ ಬಂದಷ್ಟು.

ಹಂಗೆರಿ ಕಥೆ ಇನ್ನೂ ದೊಡ್ಡದು, ಇಲ್ಲಿ ಚುಟುಕಾಗಿ. ಅವ್ನು ಅಲ್ಲಿ ಪಟ್ಟಾಭಿಷೇಕಾನೇ ಮಾಡಿಸ್ಕೊಳ್ಳಲಿಲ್ಲ, ಹಂಗೆರಿಯವ್ರು ಹ್ಯಾಟ್ ಹಾಕಿದ ರಾಜ ಅಂತ ಆಡ್ಕೊಂಡ್ರು. ಅವ್ರ ಕಿರೀಟಾನ 1784ರಲ್ಲಿ ವಿಯೆನ್ನಾಕ್ಕೆ ತಂದಿಟ್ಟ, ಅದೇ ವರ್ಷ ಆಡಳಿತ ಭಾಷೆ ಜರ್ಮನ್ ಅಂತ ಹೇರಿದ. ಅವ್ನ ಲಾಜಿಕ್, ಸಾಮ್ರಾಜ್ಯ ಒಂದು, ಭಾಷೆ ಒಂದಿದ್ರೆ ಕಛೇರಿ ಕೆಲಸ ಸಲೀಸು. ಕನ್ನಡ ಓದೋರಿಗೆ ಇದಕ್ಕಿಂತ ಜಾಸ್ತಿ ವಿವರಿಸೋ ಅಗತ್ಯ ಇಲ್ಲ. ಇತ್ತ ತುರ್ಕಿ ಜೊತೆ ಯುದ್ಧ, ಅತ್ತ ಇವ್ನ ಕೈಕೆಳಗೇ ಇದ್ದ ಬೆಲ್ಜಿಯಂ ಕಡೆ 1789ರಲ್ಲಿ ದಂಗೆ, ಮೈಯಲ್ಲಿ ಕ್ಷಯ. 1790ರ ಜನವರಿಯಲ್ಲಿ ಸಾಯೋ ಹಾಸಿಗೆಯಿಂದ ಹಂಗೆರಿಯ ಆದೇಶಗಳನ್ನೆಲ್ಲ ವಾಪಸ್ ತಗೊಂಡ, ಧರ್ಮ ಸಹನೆ, ಜೀತ ಬಿಡುಗಡೆ, ಚರ್ಚಿನ ಒಂದಷ್ಟು ವ್ಯವಸ್ಥೆ ಇಷ್ಟು ಮಾತ್ರ ಉಳಿಸ್ಕೊಂಡ. ಫೆಬ್ರವರಿ 20ಕ್ಕೆ ಹೋದ, ನಲವತ್ತೆಂಟು ವರ್ಷ. ಹೂತಿರೋದು ಕಪುತ್ಸಿನರ್ ಚರ್ಚಿನ ನೆಲಮಾಳಿಗೆಲಿ, ಅಪ್ಪ ಅಮ್ಮಂದು ಶಿಲ್ಪ ತುಂಬಿದ ಮಂಟಪದಷ್ಟು ದೊಡ್ಡ ಪೆಟ್ಟಿಗೆ, ಅದರ ಕಾಲ್ಬುಡದಲ್ಲಿ ಇವ್ನದ್ದು ಒಂದು ಸಾದಾ ತಾಮ್ರದ ಪೆಟ್ಟಿಗೆ. ಜನಕ್ಕೆ ಚರ್ಚೊಳಗೆ ಹೂಳ್ಬೇಡಿ ಅಂದೋನು ತಾನು ಅಲ್ಲೇ ಮಲಗಿದಾನೆ, ರಾಜಮನೆತನಕ್ಕೆ ವಿನಾಯಿತಿ ಇತ್ತು ಅಂತ ಕಾಣತ್ತೆ. ಯೋಸೆಫ್ಸ್‌ಪ್ಲಾಟ್ಸ್‌ನಲ್ಲಿ ಕುದುರೆ ಮೇಲಿನ ಪ್ರತಿಮೆ ಇದೆ, ಕೆಳಗೆ ಲ್ಯಾಟಿನ್‌ನಲ್ಲಿ, ಜನರ ಒಳಿತಿಗಾಗಿ ಬದುಕಿದ, ಹೆಚ್ಚು ಕಾಲವಲ್ಲ, ಆದ್ರೆ ಪೂರ್ತಿಯಾಗಿ ಅಂತ. ಅದು ಮಾತ್ರ ಒಪ್ತೀನಿ.

ಒಂದು ನಮ್ಮೂರ ಸುದ್ದಿ ಇದೆ ಇದ್ರಲ್ಲಿ, ಚಿಕ್ಕಪ್ಪಂಗೆ ಅಂತಾನೇ ಕೊನೆಗೆ ಇಟ್ಕೊಂಡಿದ್ದೆ, ಅವ್ರಿಗೆ ಕಾರವಾರದಲ್ಲಿ ಪೋಸ್ಟಿಂಗ್ ಇತ್ತು ಒಂದು ಕಾಲಕ್ಕೆ. ಬ್ರಿಟಿಷ್ ಕಂಪನಿ ಜೊತೆ ಕಿತ್ತಾಡ್ಕೊಂಡು ಹೊರಬಿದ್ದ ವಿಲಿಯಂ ಬೋಲ್ಟ್ಸ್ ಅನ್ನೋನಿಗೆ ಮರಿಯಾ ತೆರೇಸಾ 1775ರಲ್ಲಿ ಪೂರ್ವ ದೇಶಗಳ ವ್ಯಾಪಾರದ ಸನ್ನದು ಕೊಟ್ಲು. ಅವ್ನ ಹಡಗಿನ ಹೆಸರೇ ಜೋಸೆಫ್ ಉಂಡ್ ತೆರೇಸಿಯಾ, ಮನೆಯಲ್ಲಿ ಮಾತಿಗೆ ಮಾತು ಬೆಳೆಸ್ತಿದ್ದ ತಾಯಿ ಮಗ ಹಡಗಿನ ಮೇಲೆ ಒಟ್ಟಿಗೆ. ಅದು ಬಂದಿದ್ದು ನಮ್ಮ ಕರಾವಳಿಗೆ, ಹೈದರಾಲಿ ಹತ್ರ ಅನುಮತಿ ಪಡೆದು ಮಂಗಳೂರು, ಕಾರವಾರ, ಆಚೆ ಬಳಿಯಪಟ್ಟಣಂ, ಈ ಮೂರು ಕಡೆ ಆಸ್ಟ್ರಿಯಾದವ್ರು ಕೋಠಿ ಹಾಕಿದ್ರು. ಕಂಪನಿ 1785ಕ್ಕೆ ದಿವಾಳಿ. ಕಾರವಾರದ ಹಳೇ ರೆಕಾರ್ಡ್ ಎಲ್ಲ ನೋಡಿದೀನಿ, ಇದನ್ನ ಯಾರೂ ಹೇಳ್ಲಿಲ್ಲ ಅಂತ ಚಿಕ್ಕಪ್ಪ ಸುಮಾರು ಹೊತ್ತು ಸುಮ್ನಾದ್ರು, ಆಮೇಲೆ, "ಕರಿಮೆಣಸಿಗೇ ಬಂದಿರ್ತಾರೆ ಬಿಡು" ಅಂದ್ರು.

ಸರಿ, ಈಗ ಬೈಗುಳ. ಕುಡಿಯೋದಕ್ಕೆ ಆರ್ಡರ್ ತಗೊಳ್ಳೋಕೆ ಬರೋ ಹೆಂಗಸು ನಮ್ಮ ಟೇಬಲ್ ಪಕ್ಕಾನೇ ಓಡಾಡ್ತಿದ್ರೂ ಕಣ್ಣೇ ಹಾಯಿಸ್ತಿರ್ಲಿಲ್ಲ, ಪಕ್ಕದ ಬೆಂಚಿನ ರೆಗ್ಯುಲರ್ ಗಿರಾಕಿಗಳಿಗೆ ಎರಡನೇ ರೌಂಡ್ ಬಂದ್ಮೇಲೆ ನಮಗೆ ಮೊದಲನೇದು. ವಿಯೆನ್ನಾದಲ್ಲಿ ಈ ಬಿಗುಮಾನ ಒಂದು ಶೈಲಿ ಅಂತಾರೆ, ಎಲ್ಲಾ ಗಿರಾಕಿಗಳಿಗೂ ಸಮಾನವಾಗಿ ಮಾಡಿದ್ರೆ ಶೈಲಿ ಅನ್ಬೋದಿತ್ತು. ಎರಡನೇದು, ಬೇಳೆ ಸಲಾಡ್‌ನಲ್ಲಿ ಮಾಂಸ ಇದ್ಯಾ ಅಂತ ನಾನು ಜರ್ಮನ್‌ನಲ್ಲೇ ಕೇಳಿದೆ, ಇಲ್ಲ ಅಂದ್ರು, ಚಿಕ್ಕಪ್ಪನ ತಟ್ಟೇಲಿ ಹಂದಿ ಕೊಬ್ಬಿನ ಸಣ್ಣ ತುಂಡು. ಅವ್ರು ಗಲಾಟೆ ಮಾಡ್ಲಿಲ್ಲ, ತಟ್ಟೆ ಪಕ್ಕಕ್ಕೆ ಸರ್ಸಿ ಬ್ರೆಡ್ಡು ಲಿಪ್ಟಾವರ್‌ನಲ್ಲೇ ಊಟ ಮುಗ್ಸಿದ್ರು. ಕೌಂಟರ್‌ನಲ್ಲಿ ಹೇಳಿದ್ರೆ, ಅದು ಮಾಂಸ ಅಲ್ಲ, ರುಚಿಗೆ ಅಂತ ಹಾಕೋದು ಅಂದ್ರು. ದುಡ್ಡು ವಾಪಸ್ ಕೊಡ್ಲಿಲ್ಲ. ಇದಕ್ಕೇ ಎರಡೂವರೆ.

ಆದ್ರೂ ಮತ್ತೆ ಹೋಗ್ತೀನಿ. ವಾಲ್ನಟ್ ಮರದ ಕೆಳಗೆ ಉದ್ದ ಬೆಂಚು, ಅಪರಿಚಿತರ ಪಕ್ಕ ಜರುಗಿ ಕೂತ್ಕೊಬೇಕು, ಒಂದು ಕಡೆ ಮುದುಕ ದಂಪತಿ ಇಸ್ಪೀಟು, ಇನ್ನೊಂದು ಕಡೆ ಪ್ಲಂಬರ್ ಡ್ರೆಸ್ಸಲ್ಲೇ ಬಂದ ಹುಡುಗ್ರು, ವೈನ್ ಮಾಡಿದ ಯಜಮಾನನೇ ಬಂದು ಖಾಲಿ ಲೋಟ ಎತ್ತೋದು. ಇದೇ ಜೋಸೆಫ್ 1766ರಲ್ಲಿ ರಾಜರ ಬೇಟೆ ಕಾಡಾಗಿದ್ದ ಪ್ರಾಟರ್‌ನ ಎಲ್ಲರಿಗೂ ತೆಗೆದ, 1775ರಲ್ಲಿ ಔಗಾರ್ಟನ್ ತೋಟ ತೆಗೆದು ಬಾಗಿಲ ಮೇಲೆ ಇದು ಎಲ್ಲ ಮನುಷ್ಯರಿಗೂ ಅಂತ ಬರೆಸ್ದ. ವೈನ್ ಅಂಗಳ, ಪ್ರಾಟರ್, ಔಗಾರ್ಟನ್, ಇವು ಮೂರೂ ಇವತ್ತಿಗೂ ತುಂಬಿ ತುಳುಕ್ತಿವೆ, ಮೂರಕ್ಕೂ ಹೋಗೋಕೆ ಯಾರ ಅಪ್ಪಣೇನೂ ಬೇಡ.

ಹೋಗೋರಿಗೆ ಒಂದಿಷ್ಟು: ಕ್ಯಾಶ್ ಇಟ್ಕೊಳ್ಳಿ, ಕಾರ್ಡ್ ತಗೊಳ್ಳಲ್ಲ ಅನ್ನೋ ಜಾಗ ಇನ್ನೂ ಇವೆ. ಸಸ್ಯಾಹಾರಿಗಳು ಬೇಳೆ ಸಲಾಡ್, ಆಲೂಗಡ್ಡೆ ಸಲಾಡ್ ಎರಡನ್ನೂ ಬಿಟ್ಬಿಡಿ, ಚೀಸ್, ಲಿಪ್ಟಾವರ್, ಬ್ರೆಡ್, ಶ್ಟ್ರೂಡೆಲ್ ಸಾಕು, ಮಾಂಸ ಇದ್ಯಾ ಅಂತ ಕೇಳೋ ಬದ್ಲು ಶ್ಪೆಕ್ (ಹಂದಿ ಕೊಬ್ಬಿನ ತುಂಡು) ಇದ್ಯಾ ಅಂತ ಕೇ‌ಳಿ. ಕುಡಿಯದವ್ರಿಗೆ ಟ್ರೌಬೆನ್‌ಸಾಫ್ಟ್ ಅಂತ ಅದೇ ತೋಟದ ದ್ರಾಕ್ಷಿ ಜ್ಯೂಸ್, ಚಿಕ್ಕಪ್ಪ ಮೂರು ಲೋಟ ಹೊಡೆದ್ರು. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬಂದ್ರೆ ಶ್ಟುರ್ಮ್ ಸಿಗತ್ತೆ, ಇನ್ನೂ ಹುಳಿ ಬರ್ತಾ ಇರೋ ಮಬ್ಬು ವೈನ್, ಸಿಹಿ ಅಂತ ಗಟಗಟ ಕುಡಿದ್ರೆ ಹೊಟ್ಟೆ ಮಾರನೇ ದಿನ ಕೇಳತ್ತೆ. ಸಂಜೆ ಬೇಗ ಹೋಗಿ, ವಾರಾಂತ್ಯ ಬೇಡ. ವಾಪಸ್ ಬರೋಕೆ ಅದೇ 31, ರಾತ್ರಿ ಆಗ್ತಾ ಟ್ರಾಮ್ ಕಮ್ಮಿ ಆಗತ್ತೆ, ಟೈಮ್ ನೋಡ್ಕೊಂಡೇ ಕೊನೇ ಲೋಟ ಹೇಳಿ.